ಮನೆಯಲ್ಲಿ ಕೋಲ್ಡ್ ಬ್ರೂ ಕಾಫಿ: ಮಾಡಿ ನೋಡಿದವರ ಅನುಭವಗಳು

ಪ್ರಶ್ನೆ, ಬೊರಿವಲಿಯಿಂದ

ನಮಸ್ಕಾರ. ನಾವು ಹಾಸನದ ಕಡೆಯವರು. ಮುಂಬಯಿಯ ಬೊರಿವಲಿಗೆ ಬಂದು 19 ವರ್ಷಗಳಾದರೂ ಮನೆಯಲ್ಲಿ ದಿನಕ್ಕೆರಡು ಸಲ ಫಿಲ್ಟರ್ ಕಾಫಿ ಆಗಲೇಬೇಕು. ಈ ಬೇಸಿಗೆಯಲ್ಲಿ ಕಾಲೇಜಿಗೆ ಹೋಗುವ ಮಗಳು ಕೋಲ್ಡ್ ಬ್ರೂ, ಅಂದರೆ ಪುಡಿಯನ್ನು ತಣ್ಣೀರಿನಲ್ಲಿ ಗಂಟೆಗಟ್ಟಲೆ ನೆನೆಸಿ ಸೋಸಿದ ಕಾಫಿ, ಬೇಕೆಂದು ಕೇಳಿದ್ದರಿಂದ, ಮನೆಯಲ್ಲಿದ್ದ ಫಿಲ್ಟರ್ ಪುಡಿಯನ್ನೇ, ಅಂದರೆ 70 ಪಾಲು ಕಾಫಿಗೆ 30 ಪಾಲು ಚಿಕೋರಿ ಬೆರೆಸಿದ್ದನ್ನು, ನಾಲ್ಕು ಚಮಚ ತೆಗೆದುಕೊಂಡು ಒಂದು ಲೀಟರ್ ನೀರಿನಲ್ಲಿ ಕಲಸಿ ರಾತ್ರಿಯಿಡೀ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ಬೆಳಿಗ್ಗೆ ಅದು ಕೆಸರುನೀರಿನಂತಾಗಿತ್ತು. ಚಹಾ ಸೋಸುವ ಜಾಲರಿಯಲ್ಲಿ ಎರಡು ಸಲ ಸೋಸಿದರೂ ಲೋಟದ ತಳದಲ್ಲಿ ಗಸಿ ನಿಲ್ಲುತ್ತಲೇ ಇತ್ತು. ಬಣ್ಣ ಕಪ್ಪು, ಬಾಯಿಗೆ ಕಹಿ, ಆದರೆ ಕಾಫಿಯ ಸತ್ವವೇ ಇಲ್ಲ. ಯಾವ ಪುಡಿ, ಎಷ್ಟು ನೀರು, ಎಷ್ಟು ಹೊತ್ತು, ಫ್ರಿಜ್ಜಿನ ಒಳಗೋ ಹೊರಗೋ, ಇದಕ್ಕೆಂದೇ ಪಾತ್ರೆ ಕೊಳ್ಳಬೇಕೋ ಎಂಬುದನ್ನು ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ. ನಮ್ಮ ಮಾವನವರಿಗೆ ಹುಳಿತೇಗಿನ ತೊಂದರೆ ಇದೆ. ಇದರಲ್ಲಿ ಆಮ್ಲ ಕಡಿಮೆ ಎನ್ನುತ್ತಾರಲ್ಲ, ಅವರಿಗೂ ಕೊಡಬಹುದೇ?

ಮಾಟುಂಗಾದಿಂದ

ತಾವು ಬರೆದದ್ದನ್ನು ಓದುತ್ತಿದ್ದಂತೆ ನನ್ನ ಮೊದಲ ಬೇಸಿಗೆಯ ಪ್ರಯತ್ನಗಳು ನೆನಪಾದವು. ಆರು ವರ್ಷಗಳಿಂದ, ಮಾರ್ಚ್ ತಿಂಗಳಿನಿಂದ ಮಳೆ ಹಿಡಿಯುವವರೆಗೆ ಮತ್ತು ಪುನಃ ಅಕ್ಟೋಬರಿನ ಸೆಕೆಯಲ್ಲಿ, ವಾರಕ್ಕೊಮ್ಮೆ ನಮ್ಮ ಮನೆಯಲ್ಲಿ ಇದು ತಯಾರಾಗುತ್ತದೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಪುಡಿಯ ವಿಷಯ, ಏಕೆಂದರೆ ತಮಗೆ ಕೆಟ್ಟದ್ದು ಬಹುಪಾಲು ಅಲ್ಲಿಯೇ. ಫಿಲ್ಟರ್ ಪುಡಿಯನ್ನು ಬೀಸುವುದು ಕುದಿಯುವ ನೀರು ಹತ್ತು ಹದಿನೈದು ನಿಮಿಷಗಳಲ್ಲಿ ಅದರ ಮೂಲಕ ಇಳಿದು ಸತ್ವವನ್ನು ಎಳೆದುಕೊಳ್ಳಲಿ ಎಂಬ ಲೆಕ್ಕದಲ್ಲಿ. ಅದೇ ನಯವಾದ ಪುಡಿ ಗಂಟೆಗಟ್ಟಲೆ ನೀರಿನಲ್ಲಿ ಮುಳುಗಿದ್ದರೆ ಕಹಿ ಮತ್ತು ಒಗರು ಎರಡೂ ಇಳಿಯುತ್ತವೆ, ಜೊತೆಗೆ ಸಣ್ಣ ಕಣಗಳು ಎಂತಹ ಜಾಲರಿಯಿಂದಲೂ ಜಾರಿಹೋಗುತ್ತವೆ. ಚಿಕೋರಿ ಎಂಬುದು ಹುರಿದು ಪುಡಿ ಮಾಡಿದ ಒಂದು ಬೇರು. ಅದು ಕಾಫಿಗಿಂತ ಹೆಚ್ಚಾಗಿ ಮತ್ತು ಬೇಗನೆ ನೀರಿನಲ್ಲಿ ಕರಗುವುದರಿಂದ, ತಣ್ಣೀರಿನಲ್ಲಿ ಮೊದಲು ಬಿಡುವುದು ಅದರ ಬಣ್ಣ ಮತ್ತು ಕಹಿಯೇ. ತಮಗೆ ಕಪ್ಪು ಬಣ್ಣ ಕಾಣಿಸಿ ಕಾಫಿಯ ರುಚಿ ಕಾಣಿಸದಿದ್ದುದಕ್ಕೆ ಇದೊಂದು ಕಾರಣ. ನಮ್ಮ ದೇಶದಲ್ಲಿ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಬೇಕೆಂಬ ನಿಯಮವಿದೆ. ಅಂದರೆ ಉಳಿದ 49 ಪಾಲೂ ಚಿಕೋರಿಯಾಗಿರಬಹುದಾದ್ದರಿಂದ, ಪೊಟ್ಟಣದ ಹಿಂಬದಿಯನ್ನು ಓದದೆ ಕೊಳ್ಳಬೇಡಿ. ಬಿಸಿ ಹಾಲಿನ ಕಾಫಿಗೆ ಚಿಕೋರಿ ಕೊಡುವ ಮಂದತನ ನನಗೂ ಇಷ್ಟವೇ, ಬೆಳಗಿನ ಕಾಫಿಗೆ ನಮ್ಮಲ್ಲೂ 80:20ರ ಪುಡಿಯೇ. ಆದರೆ ಕೋಲ್ಡ್ ಬ್ರೂಗೆ ಮಾತ್ರ ಶುದ್ಧ ಕಾಫಿಯೇ ಆಗಬೇಕು.

ಎರಡನೆಯ ಕಾರಣ ಪ್ರಮಾಣ. ನಾಲ್ಕು ಚಮಚವೆಂದರೆ ಹೆಚ್ಚೆಂದರೆ 25 ಗ್ರಾಂ, ಅದು ಒಂದು ಲೀಟರಿಗೆ ಯಾವ ಮೂಲೆಗೂ ಸಾಲದು. ನಾನು 100 ಗ್ರಾಂ ಪುಡಿಗೆ 800 ಮಿಲಿಲೀಟರ್ ನೀರು ಹಾಕುತ್ತೇನೆ. ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಪ್ಪ ಪುಡಿ ಚಮಚದಲ್ಲಿ ಸಡಿಲವಾಗಿ ಕೂರುವುದರಿಂದ ತೂಕ ಮಾಡಿಯೇ ಹಾಕಬೇಕು. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಸೋಸಿದ ಮೇಲೆ ಕೈಗೆ ಸಿಗುವುದು 600 ಮಿಲಿಲೀಟರಿನಷ್ಟು ಮಾತ್ರ. ಅದೊಂದು ಗಟ್ಟಿ ಡಿಕಾಕ್ಷನ್ ಎಂದುಕೊಂಡು, ಕುಡಿಯುವಾಗ ಅಷ್ಟೇ ಪ್ರಮಾಣದ ತಣ್ಣೀರನ್ನೋ ಹಾಲನ್ನೋ ಬೆರೆಸಿಕೊಳ್ಳಬೇಕು.

ಇಲ್ಲಿ ಮಾಟುಂಗಾದಲ್ಲಿ ಬೀಜವನ್ನು ಕಣ್ಣೆದುರೇ ಬೀಸಿಕೊಡುವ ಅಂಗಡಿಗಳಿವೆ, ದಪ್ಪಗೆ ಬೀಸಿಕೊಡಿ ಎಂದರೆ ಬೀಸಿಯೂ ಕೊಡುತ್ತಾರೆ. ಆದರೆ ಯಂತ್ರದೊಳಗೆ ಹಿಂದಿನ ಗಿರಾಕಿಯ ನಯವಾದ ಪುಡಿ ಒಂದು ಹಿಡಿಯಷ್ಟಾದರೂ ಉಳಿದಿದ್ದು, ಅದು ನಮ್ಮ ಪೊಟ್ಟಣಕ್ಕೆ ಬೀಳುತ್ತದೆ. ಆದ್ದರಿಂದ ನಾನು ಹುರಿದ ಬೀಜವನ್ನೇ ತಂದು ಮಿಕ್ಸಿಯಲ್ಲಿ ಪುಡಿ ಮಾಡುತ್ತೇನೆ. ಚಟ್ನಿಯ ಸಣ್ಣ ಜಾರನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, 50 ಗ್ರಾಂ ಬೀಜ ಹಾಕಿ, ಗುಂಡಿಯನ್ನು ಎಡಕ್ಕೆ ತಿರುಗಿಸಿ ಎರಡು ಸೆಕೆಂಡಿಗೆ ಬಿಟ್ಟುಬಿಡಬೇಕು. ಜಾರನ್ನು ಒಮ್ಮೆ ಕುಲುಕಿ ಮತ್ತೆ ಎರಡು ಸೆಕೆಂಡು. ಹೀಗೆ ಆರೇಳು ಸಲ ಮಾಡಿದರೆ ಸಾಕು. ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಇಡ್ಲಿ ರವೆಗಿಂತ ತುಸು ದಪ್ಪಗಿದ್ದು, ನಡುನಡುವೆ ಗೋಧಿ ನುಚ್ಚಿನಂತಹ ಕಾಳು ಸಿಕ್ಕಿದರೆ ಹದ ಬಂದಿದೆ. ಚಿರೋಟಿ ರವೆಯಂತೆ ಬೆರಳಿಗೆ ಅಂಟಿದರೆ ನಯವಾಗಿಬಿಟ್ಟಿದೆ ಎಂದರ್ಥ. ಮಿಕ್ಸಿಯಲ್ಲಿ ಎಷ್ಟೇ ಎಚ್ಚರ ವಹಿಸಿದರೂ ಒಂದಿಷ್ಟು ನಯವಾದ ಪುಡಿ ಆಗಿಯೇ ಆಗುತ್ತದೆ. ಹಿಟ್ಟಿನ ಜರಡಿಯಲ್ಲಿ ಒಮ್ಮೆ ಆಡಿಸಿದರೆ ಅದು ಕೆಳಗೆ ಇಳಿಯುತ್ತದೆ, ಅದನ್ನು ಮರುದಿನದ ಫಿಲ್ಟರಿಗೆ ಬಳಸಿಕೊಳ್ಳಬಹುದು.

ಬೀಜದ ಆಯ್ಕೆಯಲ್ಲಿ ಅವರವರ ರುಚಿ ಅವರವರದು. ಹಾಲಿಲ್ಲದೆ ಕುಡಿಯುವುದಾದರೆ ಚಿಕ್ಕಮಗಳೂರು ಅಥವಾ ಕೊಡಗಿನ ಅರೇಬಿಕಾವನ್ನು, ಪ್ಲಾಂಟೇಶನ್ ಎ ಎಂಬ ದರ್ಜೆಯದನ್ನು ಅಥವಾ ಪೀಬೆರಿಯನ್ನು (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಗುಂಡು ಬೀಜವನ್ನು), ಕಪ್ಪಗಾಗದಂತೆ ಹದವಾಗಿ ಹುರಿದದ್ದನ್ನು ತೆಗೆದುಕೊಳ್ಳಿ ಎನ್ನುತ್ತೇನೆ. ಹಾಲು ಹಾಕುವುದಾದರೆ ಮಾನ್ಸೂನ್ಡ್ ಮಲಬಾರ್ ಬಹಳ ಚೆನ್ನಾಗಿ ಹೊಂದುತ್ತದೆ. ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ವಾರಗಟ್ಟಲೆ ಹರಡಿಡುವ ಆ ಬೀಜ ಉಬ್ಬಿ, ಬಿಳಿಚಿಕೊಂಡು, ತನ್ನ ಹುಳಿಯನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ರೊಬಸ್ಟಾ ಎಂಬ ಇನ್ನೊಂದು ಜಾತಿಯ ಬೀಜವನ್ನು ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆರೆಸಬೇಡಿ. ಅದರಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು, ಕಹಿಯೂ ಹೆಚ್ಚು.

ನೆನೆಹಾಕುವಾಗ ನೀರನ್ನು ಒಂದೇ ಸಲಕ್ಕೆ ಸುರಿಯಬೇಡಿ. ಹುರಿದ ಕಾಫಿ ತನ್ನೊಳಗಿನ ಗಾಳಿಯನ್ನು ಬಿಡುತ್ತಾ ಮೇಲಕ್ಕೆ ತೇಲಿ ಗಟ್ಟಿಯಾದ ಮುಚ್ಚಳದಂತೆ ನಿಲ್ಲುತ್ತದೆ, ಅದರ ಒಳಭಾಗ ಮರುದಿನ ನೋಡಿದರೂ ಒಣಗಿಯೇ ಇರುತ್ತದೆ. ಅರ್ಧ ನೀರು ಹಾಕಿ, ಮರದ ಸೌಟಿನಿಂದ ತಳದಿಂದ ಮೇಲಕ್ಕೆ ಎತ್ತಿ ಕಲಸಿ, ಹತ್ತು ನಿಮಿಷ ಬಿಟ್ಟು ಉಳಿದ ನೀರು ಹಾಕಿ. ಪಾಲಿಕೆಯ ಕೆರೆನೀರು ಮೃದುವಾಗಿರುವುದರಿಂದ ಕಾಫಿಗೆ ಚೆನ್ನಾಗಿಯೇ ಇದೆ. ಬೋರ್‌ವೆಲ್ಲಿನ ಟ್ಯಾಂಕರ್ ನೀರು ಬಂದ ದಿನ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ. ಉಪ್ಪಿನ ರುಚಿ ತಣ್ಣನೆಯ ಕಾಫಿಯಲ್ಲಿ ಎದ್ದು ಕಾಣುತ್ತದೆ.

ಇನ್ನು ಒಳಗೋ ಹೊರಗೋ ಎಂಬ ಪ್ರಶ್ನೆ. ಮುಂಬಯಿಯಲ್ಲಿ ಫ್ರಿಜ್ಜಿನ ಒಳಗೇ ಇಡಬೇಕು, ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಕೋಣೆಯ ಉಷ್ಣತೆಯಲ್ಲಿಡಿ ಎಂದು ಬರೆಯುವವರ ಕೋಣೆ 20–22 ಡಿಗ್ರಿಯದು. ಮೇ ತಿಂಗಳ ರಾತ್ರಿ ನಮ್ಮ ಅಡುಗೆಮನೆಯಲ್ಲಿ ಗೋಡೆಯೂ ಬೆವರುತ್ತಿರುತ್ತದೆ. ಎರಡನೆಯ ವರ್ಷ ನಾನು ಸಂಜೆ ಕಟ್ಟೆಯ ಮೇಲೆ ಭರಣಿ ಇಟ್ಟು, ಬೆಳಿಗ್ಗೆ ತುರ್ತಾಗಿ ಠಾಣೆಗೆ ಹೋಗಬೇಕಾಗಿ ಬಂದು, ಮರಳಿದಾಗ ಮಧ್ಯಾಹ್ನ ಮೂರು ಗಂಟೆಯಾಗಿತ್ತು. ಮುಚ್ಚಳ ತೆಗೆದರೆ ಹಳೆಯ ಮಜ್ಜಿಗೆಯಂತಹ ಹುಳಿವಾಸನೆ. ಅಷ್ಟನ್ನೂ ಮೋರಿಗೆ ಸುರಿದೆ. ಬಿಸಿ ಕಾಫಿಯಲ್ಲಿ ಕುದಿನೀರು ಮಾಡುವ ಶುದ್ಧಿಯ ಕೆಲಸ ಇಲ್ಲಿ ನಡೆಯುವುದಿಲ್ಲವಾದ್ದರಿಂದ, ಭರಣಿಯನ್ನು ಬಿಸಿನೀರಿನಲ್ಲಿ ತೊಳೆಯಬೇಕು, ಮಳೆಗಾಲದಲ್ಲಿ ನೀರನ್ನು ಕುದಿಸಿ ಆರಿಸಿಯೇ ಬಳಸಬೇಕು, ಸೋಸಿದ ಡಿಕಾಕ್ಷನ್ನನ್ನು ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು. ಹಾಲು ಬೆರೆಸಿದ್ದನ್ನು ಅಂದಂದೇ ಕುಡಿದು ಮುಗಿಸಿ. ಫ್ರಿಜ್ಜಿನಲ್ಲಿ ಸತ್ವ ನಿಧಾನವಾಗಿ ಇಳಿಯುವುದರಿಂದ ನಾನು ಸಂಜೆ ಐದಕ್ಕೆ ಇಟ್ಟು ಮರುದಿನ ಬೆಳಿಗ್ಗೆ ಹತ್ತಕ್ಕೆ ಸೋಸುತ್ತೇನೆ, ಅಂದರೆ 17 ಗಂಟೆ.

ಡೊಂಬಿವಲಿಯಿಂದ

ಮೇಲಿನವರು ಬರೆದದ್ದು ಬಹಳ ಉಪಯುಕ್ತವಾಗಿದೆ. ಪಾತ್ರೆ ಮತ್ತು ಸೋಸುವಿಕೆಯ ಬಗ್ಗೆ ನನ್ನದೊಂದಿಷ್ಟು ಸೇರಿಸುತ್ತೇನೆ, ಏಕೆಂದರೆ ಯಾವ ಸಲಕರಣೆಯನ್ನೂ ಕೊಳ್ಳದೆ ನಾನು ಇದನ್ನು ಮಾಡುತ್ತಾ ಬಂದಿದ್ದೇನೆ.

ಮನೆಯ ಸ್ಟೀಲ್ ಫಿಲ್ಟರಿನಲ್ಲೇ ತಣ್ಣೀರು ಹಾಕಿ ಇಳಿಸಬಹುದೆಂದು ನಾನು ಮೊದಲು ಭಾವಿಸಿದ್ದೆ. ಪುಡಿ ಉಬ್ಬಿ ತೂತುಗಳನ್ನು ಮುಚ್ಚಿಬಿಟ್ಟು, ರಾತ್ರಿಯಿಡೀ ಕಾದರೂ ಕೆಳಗಿನ ಪಾತ್ರೆಗೆ ಅರ್ಧ ಲೋಟವೂ ಇಳಿಯಲಿಲ್ಲ. ಈಗ ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ನೆನೆಹಾಕಿ, ಮೊದಲು ಸಾಧಾರಣ ಜಾಲರಿಯಲ್ಲಿ ಚರಟವನ್ನು ಬೇರೆ ಮಾಡಿ, ನಂತರ ಅದೇ ಜಾಲರಿಗೆ ಬಟ್ಟೆ ಹಾಸಿ ಎರಡನೆಯ ಸಲ ಸೋಸುತ್ತೇನೆ. ಬಟ್ಟೆಯೆಂದರೆ ನಮ್ಮ ತಂದೆಯವರ ಹಳೆಯ ಮಲ್ (ತೆಳು ಹತ್ತಿಬಟ್ಟೆಯ) ಪಂಚೆಯಿಂದ ಕತ್ತರಿಸಿದ ಒಂದು ಚೌಕ. ಅದಕ್ಕೆ ಸೋಪನ್ನು ಸೋಕಿಸಬಾರದು, ಬರಿಯ ನೀರಿನಲ್ಲಿ ಕುದಿಸಿ ನೆರಳಿನಲ್ಲಿ ಒಣಗಿಸಬೇಕು, ಇಲ್ಲವಾದರೆ ಸೋಪಿನ ವಾಸನೆ ನೇರವಾಗಿ ಲೋಟಕ್ಕೆ ಬರುತ್ತದೆ. ಬಟ್ಟೆಯನ್ನು ಹಿಂಡಬೇಡಿ. ಹಿಂಡಿದರೆ ಎರಡು ಚಮಚ ಹೆಚ್ಚು ಸಿಗಬಹುದು, ಆದರೆ ಅದರೊಂದಿಗೆ ಗಸಿಯೂ ಒಗರೂ ಇಳಿದು ಇಡೀ ಬಾಟಲಿ ಕೆಡುತ್ತದೆ. ಅರ್ಧ ಗಂಟೆ ಅದರ ಪಾಡಿಗೆ ತೊಟ್ಟಿಕ್ಕಲು ಬಿಡಿ.

ಉಪ್ಪಿನಕಾಯಿ ಹಾಕಿದ್ದ ಭರಣಿಯನ್ನು ಬಳಸಬೇಡಿ. ಗಾಜಿಗೆ ವಾಸನೆ ಹಿಡಿಯುವುದಿಲ್ಲವಾದರೂ ಮುಚ್ಚಳದ ರಬ್ಬರ್ ಬಳೆ ಹಿಂಗಿನ ವಾಸನೆಯನ್ನು ವರ್ಷಗಟ್ಟಲೆ ಬಿಡುವುದಿಲ್ಲ. ನಮ್ಮಂತಹವರ ಫ್ರಿಜ್ಜಿನಲ್ಲಿ ದೋಸೆ ಹಿಟ್ಟು ಇದ್ದೇ ಇರುತ್ತದೆ. ಕಾಫಿ ಬೇರೆ ವಾಸನೆಗಳನ್ನು ಬಹಳ ಬೇಗ ಎಳೆದುಕೊಳ್ಳುವುದರಿಂದ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಹಿಟ್ಟಿನ ಡಬ್ಬಿಯಿಂದ ದೂರದ ಅಂತಸ್ತಿನಲ್ಲಿಡಿ.

ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. 17 ಗಂಟೆ ನನಗೆ ಹೆಚ್ಚೆನಿಸಿತು. ನಾನು ಬಳಸುವ ಬೀಜ ಸ್ವಲ್ಪ ಹೆಚ್ಚು ಹುರಿದದ್ದು, ಅದಕ್ಕೆ ಫ್ರಿಜ್ಜಿನಲ್ಲೂ 12–13 ಗಂಟೆ ಸಾಕಾಗುತ್ತದೆ. ಅದಕ್ಕಿಂತ ಮುಂದೆ ಹೋದರೆ ನಾಲಿಗೆಯ ಹಿಂಬದಿಯಲ್ಲಿ ಮರದ ತೊಗಟೆಯಂತಹ ರುಚಿ ಉಳಿಯುತ್ತದೆ. ತಾವು ಎರಡು ಸಣ್ಣ ಭರಣಿಗಳಲ್ಲಿ ಬೇರೆ ಬೇರೆ ಅವಧಿಗೆ ಇಟ್ಟು ನೋಡುವುದು ಒಳ್ಳೆಯದು.

ಸಕ್ಕರೆ ತಣ್ಣನೆಯ ಕಾಫಿಯಲ್ಲಿ ಸುಲಭವಾಗಿ ಕರಗದೆ ತಳದಲ್ಲಿ ಕೂರುತ್ತದೆ. ಬೆಲ್ಲಕ್ಕೆ ಅದರ ಅರ್ಧದಷ್ಟು ನೀರು ಹಾಕಿ ಕರಗಿಸಿ, ಸೋಸಿದ ಪಾಕವನ್ನು ಬಾಟಲಿಯಲ್ಲಿಟ್ಟುಕೊಂಡರೆ ಒಂದು ಚಮಚ ಸಾಕು. ನೀರಿನ ಬದಲು ಎಳನೀರು ಬೆರೆಸಿ ನೋಡಿ, ಆಗ ಬೆಲ್ಲವೂ ಬೇಕಾಗುವುದಿಲ್ಲ. ಬೆಳಗಿನ ಲೋಕಲ್ ರೈಲಿನಲ್ಲಿ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಕಡೆಗೆ ಹೋಗುವ ದಿನಗಳಲ್ಲಿ, ಹಿಂದಿನ ರಾತ್ರಿ ಇದೇ ಕಾಫಿಯನ್ನು ಐಸ್ ತಟ್ಟೆಯಲ್ಲಿ ಗಟ್ಟಿ ಮಾಡಿಕೊಂಡು, ಆ ತುಂಡುಗಳನ್ನೇ ಸ್ಟೀಲ್ ಫ್ಲಾಸ್ಕಿಗೆ ಹಾಕುತ್ತೇನೆ. ಅವು ಕರಗಿದರೂ ಕಾಫಿ ನೀರಾಗುವುದಿಲ್ಲ.

ಪುಣೆಯಿಂದ

ಮಾವನವರ ಬಗ್ಗೆ ಕೇಳಿದ್ದೀರಿ. ನನಗೂ ಅದೇ ತೊಂದರೆ ಇರುವುದರಿಂದ ಇದನ್ನು ಹೇಳಲೇಬೇಕು. ಕೋಲ್ಡ್ ಬ್ರೂನಲ್ಲಿ ಆಮ್ಲವೇ ಇಲ್ಲವೆಂಬ ಪ್ರಚಾರವನ್ನು ನಂಬಬೇಡಿ. 2018ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸಂಶೋಧಕರು ಒಂದೊಂದು ಬಗೆಯ ಬೀಜದಿಂದಲೂ ಬಿಸಿ ಮತ್ತು ತಣ್ಣನೆಯ ಎರಡೂ ಬಗೆಯಲ್ಲಿ ಕಾಫಿ ಮಾಡಿ ಅಳೆದಾಗ, ಪಿಎಚ್ ಮಟ್ಟ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದು, 4.85ರಿಂದ 5.13ರ ನಡುವೆ ಇತ್ತು. ಬಿಸಿ ಕಾಫಿಯಲ್ಲಿ ಒಟ್ಟು ಆಮ್ಲದ ಪ್ರಮಾಣ ಹೆಚ್ಚಿದ್ದುದು ನಿಜ, ನಾಲಿಗೆಗೆ ಹುಳಿ ಕಡಿಮೆ ಎನಿಸುವುದೂ ನಿಜ. ಆದರೆ ಹೊಟ್ಟೆಗೆ ತಾಗದು ಎಂದು ಅಷ್ಟರಿಂದ ಹೇಳಲಾಗದು. ಖಾಲಿ ಹೊಟ್ಟೆಯಲ್ಲಿ ಕುಡಿದಾಗ ನನಗೆ ಎರಡರಿಂದಲೂ ಉರಿ ಬಂದಿದೆ.

ಕೆಫೀನಿನ ಕಡೆಗೂ ಗಮನವಿರಲಿ. ಅರೇಬಿಕಾ ಬೀಜದ ತೂಕದಲ್ಲಿ ಶೇಕಡಾ ಒಂದಕ್ಕಿಂತ ತುಸು ಹೆಚ್ಚು ಕೆಫೀನ್ ಇರುತ್ತದೆ. 100 ಗ್ರಾಂ ಪುಡಿಯಲ್ಲಿರುವ ಅದರ ಬಹುಪಾಲು ಆ 600 ಮಿಲಿಲೀಟರಿನಲ್ಲೇ ಸೇರಿರುತ್ತದೆ. ತಣ್ಣಗೆ, ನುಣುಪಾಗಿ ಇರುವುದರಿಂದ ಒಂದು ದೊಡ್ಡ ಲೋಟ ಕ್ಷಣದಲ್ಲಿ ಖಾಲಿಯಾಗುತ್ತದೆ, ರಾತ್ರಿ ನಿದ್ದೆ ಬಾರದಾಗಲಷ್ಟೇ ತಿಳಿಯುವುದು. ಹಿರಿಯರಿಗೆ ವೈದ್ಯರನ್ನು ಒಂದು ಮಾತು ಕೇಳಿಯೇ ಕೊಡಿ, ಮಗಳಿಗೂ ಮಧ್ಯಾಹ್ನದೊಳಗೆ ಕುಡಿಯಲು ಹೇಳಿ.

ಬೊರಿವಲಿಯಿಂದ, ಎರಡು ಭಾನುವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಶನಿವಾರ ಮಾಟುಂಗಾಕ್ಕೆ ಹೋಗಿ 250 ಗ್ರಾಂ ಪ್ಲಾಂಟೇಶನ್ ಎ ಬೀಜ ತಂದೆವು. ಮಿಕ್ಸಿಯಲ್ಲಿ ಮೊದಲ 50 ಗ್ರಾಂ ನಯವಾಗಿಬಿಟ್ಟಿತು, ಅದನ್ನು ಫಿಲ್ಟರಿಗೆ ಎತ್ತಿಟ್ಟು, ಎರಡನೆಯ ಸಲದಿಂದ ಎಣಿಸಿಕೊಂಡು ಆರೇ ಸಲ ತಿರುಗಿಸಿದಾಗ ಹದ ಸಿಕ್ಕಿತು. ಒಂದು ಭರಣಿಯನ್ನು 12 ಗಂಟೆಗೆ, ಇನ್ನೊಂದನ್ನು 17 ಗಂಟೆಗೆ ತೆಗೆದು, ಮಲ್ ಬಟ್ಟೆಯಲ್ಲಿ ಹಿಂಡದೆ ಸೋಸಿದೆ. ಈ ಸಲ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಕಾಫಿ ಕೆಂಪಗೆ, ತಿಳಿಯಾಗಿ ಕಾಣುತ್ತಿತ್ತು, ತಳದಲ್ಲಿ ಒಂದು ಕಣವೂ ಇರಲಿಲ್ಲ. ಹಾಲು ಹಾಕಿಕೊಳ್ಳುವ ಮಗಳಿಗೆ 17 ಗಂಟೆಯದೇ ಹಿಡಿಸಿತು. ಎಳನೀರು ಬೆರೆಸಿ ಕುಡಿದ ನನಗೆ 12 ಗಂಟೆಯದರಲ್ಲಿ ಕಿತ್ತಳೆ ಸಿಪ್ಪೆಯನ್ನು ಹೋಲುವ ಒಂದು ಪರಿಮಳ ಸಿಕ್ಕಿತು, ಬಿಸಿ ಕಾಫಿಯಲ್ಲಿ ನಾನು ಅದನ್ನು ಎಂದೂ ಕಂಡಿರಲಿಲ್ಲ. ಮಾವನವರು ಒಂದು ಚಮಚ ರುಚಿ ನೋಡಿ, ಚೆನ್ನಾಗಿದೆ ಎಂದು ಹೇಳಿ, ತಮ್ಮ ನಾಲ್ಕು ಗಂಟೆಯ ಬಿಸಿ ಕಾಫಿಯನ್ನೇ ಕೇಳಿದರು. ಆ ಕಾಫಿಗೆ ಇಳಿಸಿದ್ದು ಎತ್ತಿಟ್ಟಿದ್ದ ನಯವಾದ ಪುಡಿಯ ಡಿಕಾಕ್ಷನ್ನನ್ನೇ.