ಪದಚರ್ಚೆ: ‘ಒರಿಜಿನಲ್’ ಬ್ರೇಕ್ ಪ್ಯಾಡ್ ಅಂದರೆ ಯಾವುದು?

ಪ್ರಶ್ನೆ:
ಕಾರು ಇಟ್ಟುಕೊಂಡವರಿಗಾಗಿ ಬ್ರೇಕ್ ಬಿಡಿಭಾಗಗಳ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಮೂರು ಗೊಂದಲಗಳಿವೆ. ಪ್ಯಾಡ್, ಶೂ, ಲೈನರ್ ಈ ಮೂರನ್ನೂ ಜನ ಅದಲುಬದಲು ಮಾಡಿ ಬಳಸುತ್ತಾರೆ. ನಿಜಕ್ಕೂ ಬೇರೆ ಬೇರೆಯೇ? ಅಂಗಡಿಯವರ ‘ಒರಿಜಿನಲ್’, ‘ಕಂಪನಿ ಪಾರ್ಟು’, ‘ಓಇಎಂ’ ಒಂದೇ ಅರ್ಥದವೇ, ಎಲ್ಲಕ್ಕೂ ‘ಅಸಲಿ’ ಎಂದು ಬರೆದರೆ ಆದೀತೇ? ಪ್ಯಾಡಿನ ಮೇಲೆ ಅಚ್ಚಾಗಿರುವ ‘ಎಫ್‌ಎಫ್’ ಗುಣಮಟ್ಟದ ದರ್ಜೆಯೇ?

ಉತ್ತರ 1:
ಬೇರೆ ಬೇರೆಯೇ ಸರ್. ಡಿಸ್ಕನ್ನು ಎರಡೂ ಮಗ್ಗುಲಿಂದ ಅದುಮಿ ಹಿಡಿಯುವ ಚಪ್ಪಟೆ ತುಂಡು ಪ್ಯಾಡ್. ಡ್ರಮ್ಮಿನ ಒಳಗಿದ್ದು ಹೊರಮುಖವಾಗಿ ಒತ್ತುವ ಬಾಗಿದ ಲೋಹದ ತುಂಡು ಶೂ. ಆ ಶೂ ಮೇಲೆ ಕೂತು ಸವೆಯುವ ಪದರ ಲೈನರ್. ಲಾರಿ, ಬಸ್ಸುಗಳಲ್ಲಿ ಲೈನರನ್ನು ರಿವಿಟ್ ಹೊಡೆದು ಕೂರಿಸುತ್ತಾರೆ, ಹಾಗಾಗಿ ‘ಲೈನರ್ ಹೊಡೆಸಬೇಕು’ ಅನ್ನುವ ಮಾತು ಅಲ್ಲಿಗೆ ಸರಿ. ಕಾರು, ಬೈಕಿನ ಶೂಗಳಲ್ಲಿ ಸಾಮಾನ್ಯವಾಗಿ ಅದನ್ನು ಅಂಟಿನಲ್ಲಿ ಬೆಸೆದಿರುತ್ತಾರೆ. ಸವೆದರೆ ಶೂ ಸಮೇತ ಬದಲಿಸುವುದು ವಾಡಿಕೆ. ಹಳೇ ಶೂಗೆ ಹೊಸ ಲೈನರ್ ಅಂಟಿಸಿದ ಮಾಲೂ ಮಾರುಕಟ್ಟೆಯಲ್ಲಿದೆ. ಅಂಟು ಹದವಾಗಿ ಬೆಂದಿರದಿದ್ದರೆ ಬಿಸಿಗೆ ಲೈನರ್ ಕಳಚಿ ಡ್ರಮ್ಮಿನೊಳಗೆ ಸಿಕ್ಕಿಕೊಂಡು ಚಕ್ರ ಜಾಮ್ ಆಗಬಹುದು. ಕೊಳ್ಳುವಾಗ ಶೂ ಮತ್ತು ಲೈನರ್ ಕೂಡುವ ಅಂಚಿಗೆ ಉಗುರು ಆಡಿಸಿ ನೋಡಬೇಕು; ಸಂದು ಸಿಕ್ಕರೆ ಬೇಡ.

‘ಒರಿಜಿನಲ್’ ಅನ್ನುವ ಒಂದೇ ಮಾತಿನಲ್ಲಿ ಎರಡು ಬಗೆಯ ಮಾಲು ಅಡಗಿದೆ. ಒಂದು, ಕಾರು ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬರುವುದು. ಅಂಗಡಿಗಳಲ್ಲಿ ಇದಕ್ಕೆ ‘ಜೆನ್ಯೂನ್’. ಕಾರು ಕಂಪನಿಗಳು ಸಾಮಾನ್ಯವಾಗಿ ಪ್ಯಾಡನ್ನು ತಾವೇ ಮಾಡುವುದಿಲ್ಲ, ಬ್ರೇಕ್ಸ್ ಇಂಡಿಯಾ, ರಾಣೆಯಂಥ ಕಂಪನಿಗಳಿಂದ ಮಾಡಿಸಿಕೊಳ್ಳುತ್ತವೆ. ಹೀಗೆ ಮಾಡಿಕೊಡುವವರು ತಮ್ಮದೇ ಡಬ್ಬಿಯಲ್ಲಿ ಮಾರುವುದು ಎರಡನೆಯದು. ಅಂಗಡಿಯವರು ‘ಓಇಎಂ’ (ಮೂಲ ಬಿಡಿಭಾಗದ ತಯಾರಕರು) ಅನ್ನುವುದು ಹೆಚ್ಚಾಗಿ ಇದನ್ನೇ. ಬೆಲೆ ಕಡಿಮೆ, ಆದರೆ ಒಳಗಿನ ಮಿಶ್ರಣ ಕಾರಿನ ಜೊತೆ ಬಂದದ್ದೇ ಆಗಿರಬೇಕೆಂದೇನೂ ಇಲ್ಲ.

ಇವೆರಡರ ಆಚೆಗೆ ಇರುವುದು ಆಫ್ಟರ್‌ಮಾರ್ಕೆಟ್: ಆ ಕಾರಿನ ಕಾರ್ಖಾನೆಗೆ ಕೊಡದಿದ್ದರೂ ತನ್ನ ಹೆಸರಿನಲ್ಲೇ ಮಾರುವ ಬ್ರಾಂಡು. ಇದರಲ್ಲಿ ಒಳ್ಳೆಯದೂ ಉಂಟು, ಕಳಪೆಯೂ ಉಂಟು. ಇನ್ನೊಬ್ಬರ ಹೆಸರು, ಡಬ್ಬಿ ಕದ್ದು ಮಾಡಿದ್ದು ಡೂಪ್ಲಿಕೇಟ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ‘ಲೋಕಲ್’ ಎಂದರೆ ಈ ಎರಡರಲ್ಲಿ ಯಾವುದೂ ಆಗಬಹುದು. ಕೈಪಿಡಿಯಲ್ಲಿ ಆ ಪದವನ್ನು ಮುಟ್ಟದಿರುವುದೇ ವಾಸಿ. ‘ಅಸಲಿ’ ನಕಲಿಗೆ ಎದುರಾಗಿ ಮಾತ್ರ ಒಪ್ಪುತ್ತದೆ. ಅಸಲಿ ಆಫ್ಟರ್‌ಮಾರ್ಕೆಟ್ ಪ್ಯಾಡೂ ಇರುತ್ತದಲ್ಲ! ‘ಕಾರು ಕಂಪನಿಯ ಪಾರ್ಟು’, ‘ತಯಾರಕರ ಪಾರ್ಟು’, ‘ಬೇರೆ ಬ್ರಾಂಡು’, ‘ನಕಲಿ’ ಎಂದು ನಾಲ್ಕಾಗಿ ಒಡೆದು ಬರೆಯಿರಿ.

‘ಎಫ್‌ಎಫ್’ ದರ್ಜೆಯಲ್ಲ, ಘರ್ಷಣೆಯ ಅಳತೆ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿನ ಘರ್ಷಣಾಂಕ, ಎರಡನೆಯದು ಚೆನ್ನಾಗಿ ಕಾದಾಗಿನದು. ‘ಇ’ ಅಂದರೆ 0.25ರಿಂದ 0.35, ‘ಎಫ್’ 0.35ರಿಂದ 0.45, ‘ಜಿ’ 0.45ರಿಂದ 0.55. ‘ಎಫ್‌ಇ’ ಎಂದಿದ್ದರೆ ಕಾದಾಗ ಹಿಡಿತ ಇಳಿಯುತ್ತದೆ ಎಂದರ್ಥ. ಚಾರ್ಮಾಡಿ, ಆಗುಂಬೆ ಇಳಿಯುವವರಿಗೆ ಇದು ಮುಖ್ಯ. ಹಾಗೆಂದು ‘ಎಫ್‌ಎಫ್’ ಇದ್ದ ಕಾರಿಗೆ ‘ಜಿಜಿ’ ಹಾಕಿದರೆ ಮೇಲ್ದರ್ಜೆ ಆಯಿತೆಂದಲ್ಲ: ಹಿಂದು ಮುಂದಿನ ಬ್ರೇಕುಗಳ ಸಮತೋಲ ಏರುಪೇರಾಗುತ್ತದೆ. ಬಾಳಿಕೆ, ಶಬ್ದ, ದೂಳು ಇವುಗಳ ಬಗ್ಗೆ ಆ ಅಕ್ಷರಗಳು ಏನನ್ನೂ ಹೇಳುವುದಿಲ್ಲ.

ಗುಣಮಟ್ಟಕ್ಕೆ ನೋಡಬೇಕಾದ ಗುರುತು ಬೇರೆ. ವೃತ್ತದೊಳಗೆ ‘ಇ’ ಮತ್ತು ಒಂದು ಅಂಕಿ, ಜೊತೆಗೆ ‘90ಆರ್’ ಎಂದಿದ್ದರೆ ಯುರೋಪಿನ ಆರ್90 ಪರೀಕ್ಷೆ ಪಾಸಾದ ಮಾಲು. ಆ ಪರೀಕ್ಷೆಯಲ್ಲಿ ಮೂಲ ಪ್ಯಾಡಿಗೂ ಇದಕ್ಕೂ ಬ್ರೇಕಿನ ಹಿಡಿತದಲ್ಲಿ 15%ಕ್ಕಿಂತ ಹೆಚ್ಚು ವ್ಯತ್ಯಾಸ ಬರಕೂಡದು. ಗುರುತು, ಬ್ಯಾಚ್ ನಂಬರು ಡಬ್ಬಿಯ ಮೇಲಷ್ಟೇ ಅಲ್ಲ, ಪ್ಯಾಡಿನ ಬೆನ್ನತಟ್ಟೆಯ (ಸವೆಯುವ ಪದರವನ್ನು ಕೂರಿಸಿರುವ ಲೋಹದ ತಟ್ಟೆ) ಮೇಲೂ ಇರಬೇಕು. ತಟ್ಟೆಯನ್ನು ಗಾಜಿನ ಮೇಲೆ ಬೋರಲಿಟ್ಟು ನೋಡಿ. ಅಲುಗಾಡಿದರೆ ಸೊಟ್ಟಗಿದೆ ಎಂದೇ ಲೆಕ್ಕ.

ಉತ್ತರ 2:
ಮೇಲಿನದಕ್ಕೆ ಸ್ವಲ್ಪ ಸೇರಿಸುತ್ತೇನೆ. ‘ಒಂದು ಸೆಟ್’ ಎಷ್ಟು ಎಂಬುದನ್ನು ಬಿಡಿಸಿ ಬರೆಯಿರಿ. ಕಾರಿಗೆ ಸೆಟ್ ಅಂದರೆ ಒಂದು ಆಕ್ಸಲ್‌ಗೆ 4 ಪ್ಯಾಡ್, ಎಡಬಲ ಎರಡೂ ಚಕ್ರಗಳಿಗೆ. ಬೈಕಿಗಾದರೆ ಸಾಮಾನ್ಯವಾಗಿ 2. ಒಂದೇ ಚಕ್ರಕ್ಕೆ ಹೊಸದು ಹಾಕಿದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

‘ದಪ್ಪ’ ಕೂಡ ಹಾಗೇ. ಕ್ಯಾಟಲಾಗಿನಲ್ಲಿ ಕೊಡುವುದು ಬೆನ್ನತಟ್ಟೆ ಸೇರಿದ ದಪ್ಪ. ‘3 ಮಿ.ಮೀ. ಉಳಿದಾಗ ಬದಲಿಸಿ’ ಅನ್ನುವುದು ತಟ್ಟೆ ಬಿಟ್ಟು, ಸವೆಯುವ ಪದರ ಮಾತ್ರ. ಡಿಸ್ಕಿನ ಅಂಚಿನಲ್ಲಿ ‘ಮಿನ್ ಟಿಎಚ್ 20’ ಎಂದಿದ್ದರೆ, ಡಿಸ್ಕ್ 20 ಮಿ.ಮೀ.ಗಿಂತ ತೆಳ್ಳಗಾಗಬಾರದು ಎಂದರ್ಥ. ಅದಕ್ಕಿಂತ ಕೆಳಗೆ ಹೋಗುವುದಾದರೆ ಲೇತಿಗೂ ಹಾಕಿಸಬಾರದು, ಹೊಸದೇ ಬೇಕು.

ಇನ್ನು ‘ಬ್ರೇಕ್ ಆಯಿಲ್’. ಆಡುಮಾತಿನಲ್ಲಿ ಇರಲಿ, ಕೈಪಿಡಿಯಲ್ಲಿ ‘ಬ್ರೇಕ್ ಫ್ಲೂಯಿಡ್’ ಎಂದೇ ಬರೆಯಿರಿ. ಅದರಲ್ಲಿ ಎಣ್ಣೆ ಇಲ್ಲ. ಆಯಿಲ್ ಎಂಬ ಹೆಸರು ನಂಬಿ ಎಂಜಿನ್ ಆಯಿಲ್ ಸುರಿದರೆ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ತುಳಿದಾಗ ಫ್ಲೂಯಿಡನ್ನು ಒತ್ತುವ ಭಾಗ) ಕ್ಯಾಲಿಪರ್‌ವರೆಗೆ (ಪ್ಯಾಡನ್ನು ಡಿಸ್ಕಿಗೆ ಅದುಮುವ ಭಾಗ) ಇರುವ ರಬ್ಬರ್ ಸೀಲುಗಳು ಊದಿ ಹಾಳಾಗುತ್ತವೆ. ಹಾಗೆಯೇ ಫ್ಲೂಯಿಡಿನ ಬಗೆಗಳಲ್ಲಿ ಡಾಟ್ 3, ಡಾಟ್ 4, ಡಾಟ್ 5.1 ಗ್ಲೈಕಾಲ್ ಜಾತಿಯವು, ಡಾಟ್ 5 ಮಾತ್ರ ಸಿಲಿಕೋನ್. 5 ಮತ್ತು 5.1 ನಂಬರಿನಲ್ಲಿ ನೆಂಟರಂತೆ ಕಂಡರೂ ಬೆರೆಸುವ ಹಾಗಿಲ್ಲ. ಮುದ್ರಣದಲ್ಲಿ ಆ ಚುಕ್ಕೆ ಬಿದ್ದುಹೋಗದಂತೆ ಕರಡು ತಿದ್ದುವವರಿಗೆ ಹೇಳಿಡಿ.