ಪದಚರ್ಚೆ: ಸ್ಕೀಯ ‘ಸೈಡ್‌ಕಟ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಸ್ಕೀಯಿಂಗಿನ, ಅಂದರೆ ಕಾಲಿಗೆ ಉದ್ದನೆಯ ಹಲಗೆ (ಸ್ಕೀ) ಕಟ್ಟಿಕೊಂಡು ಹಿಮದ ಮೇಲೆ ಜಾರುವುದರ, ಭೌತವಿಜ್ಞಾನದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಸ್ಕೀ, ಅಂಚು, ಇಳಿಜಾರು, ತಿರುವು ಎಲ್ಲ ಸಲೀಸಾಗಿ ಬಂದವು. ‘ಸೈಡ್‌ಕಟ್’ ಬಂದಾಗ ತಡೆಯಿತು.

ಸ್ಕೀಯನ್ನು ಮೇಲಿನಿಂದ ನೋಡಿದರೆ ಬುಡಬುಡಿಕೆಯ ಹಾಗೆ ಎರಡು ತುದಿ ಅಗಲ, ನಡು ಸಪೂರ. ಪಕ್ಕದ ಅಂಚು ಹೀಗೆ ಒಳಕ್ಕೆ ಬಾಗಿರುವುದೇ ಸೈಡ್‌ಕಟ್. ಸ್ಲಾಲಂ (ಕಂಬಗಳ ನಡುವೆ ಅಂಕುಡೊಂಕಾಗಿ ಇಳಿಯುವ ಸ್ಪರ್ಧೆ) ಸ್ಕೀ ಮೂತಿಯ ಹತ್ತಿರ ಸುಮಾರು 116 ಮಿ.ಮೀ. ಇದ್ದರೆ ನಡುವಿನಲ್ಲಿ 66, ಬಾಲದಲ್ಲಿ 100ರ ಆಸುಪಾಸು. ಪ್ರತಿ ಪಕ್ಕ ಒಳಸರಿದಿರುವುದು ಎರಡೇ ಸೆಂಟಿಮೀಟರು. ಆ ಕಂಸವನ್ನು ಮುಂದುವರಿಸಿ ಪೂರ್ತಿ ವೃತ್ತ ಎಳೆದರೆ ತ್ರಿಜ್ಯ 12-13 ಮೀಟರು ಬರುತ್ತದೆ.

ಸ್ಕೀಯನ್ನು ಗಟ್ಟಿ ನೆಲದ ಮೇಲೆ ಒಂದು ಪಕ್ಕದ ಅಂಚಿಗೆ ಓರೆಯಾಗಿ ಹಿಡಿದು ನೋಡಿ: ಮೂತಿಯೂ ಬಾಲವೂ ನೆಲ ಮುಟ್ಟುತ್ತವೆ, ನಡುವೆ ಸಂದು ಉಳಿಯುತ್ತದೆ. ನಡುವನ್ನು ಒತ್ತಿದರೆ ಸ್ಕೀ ಬಿಲ್ಲಿನಂತೆ ಬಗ್ಗಿ ಅಂಚಿನುದ್ದಕ್ಕೂ ನೆಲ ಹಿಡಿಯುತ್ತದೆ. ಹಿಮದ ಮೇಲೆ ಈ ಒತ್ತಡ ಸವಾರರ ಭಾರದಿಂದ ಬರುತ್ತದೆ. ಬಗ್ಗಿದ ಅಂಚು ಹಿಮದಲ್ಲಿ ಗೆರೆ ಕೊರೆಯುತ್ತ ಅದೇ ಕಂಸದ ಜಾಡಿನಲ್ಲಿ ತಿರುಗುತ್ತದೆ. ಓರೆ ಹೆಚ್ಚಿದಷ್ಟೂ ತಿರುವು ಬಿಗಿ. ಗಟ್ಟಿ ಹಿಮದ ಮೇಲೆ ಸ್ಥೂಲ ಲೆಕ್ಕಕ್ಕೆ ತ್ರಿಜ್ಯವನ್ನು ಓರೆಕೋನದ ಕೊಸೈನಿನಿಂದ ಗುಣಿಸಬೇಕು: 60 ಡಿಗ್ರಿಯಲ್ಲಿ 13 ಮೀಟರು ಆರೂವರೆಗೆ ಇಳಿಯುತ್ತದೆ. ಹತ್ತನೇ ತರಗತಿಯ ತ್ರಿಕೋನಮಿತಿ ಇಲ್ಲಿ ಇಷ್ಟು ಚೆನ್ನಾಗಿ ಕೂಡಿಬರುವುದೇ ನಾನು ಈ ವಿಷಯ ಹಿಡಿಯಲು ಕಾರಣ.

ಆಕಾರ ಹೊಸದಲ್ಲ. ನಾರ್ವೆಯ ಟೆಲಿಮಾರ್ಕಿನ ಸೋಂದ್ರೆ ನೂರ್‌ಹೈಮ್ 19ನೇ ಶತಮಾನದಲ್ಲೇ ಸಪೂರ ನಡುವಿನ ಸ್ಕೀ ಬಳಸಿದ್ದರು. 1990ರ ದಶಕದಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿಯ ಎಸ್‌ಸಿಎಕ್ಸ್ ಎಂಬ ಸ್ಕೀ ಬಂದ ಮೇಲೆ ನಡು ಇನ್ನೂ ಸಣ್ಣದಾಯಿತು.

ಈಗ ಪದದ ಮಾತು. ಬರೀ ‘ವಕ್ರತೆ’ ಸಾಲದು. ಸ್ಕೀಯನ್ನು ಪಕ್ಕದಿಂದ ನೋಡಿದಾಗ ನಡು ನೆಲದಿಂದ ಎದ್ದಿರುತ್ತದಲ್ಲ, ಆ ‘ಕ್ಯಾಂಬರ್’ ಕೂಡ ವಕ್ರತೆಯೇ. ‘ಬಾಗಿದ ಸ್ಕೀ’ ಎಂದರೆ ಓದುವವರು ಯಾವುದೆಂದು ತಿಳಿಯಬೇಕು? ಕಡಲ್ಕೊರೆತದ ಜಾಡಿನಲ್ಲಿ ‘ಪಕ್ಕಕೊರೆತ’ ಎನ್ನಬಹುದು, ಆದರೆ ಅದರಲ್ಲಿ ಸವೆತದ ಛಾಯೆ ಇದೆ. ಜೊತೆಗೆ ‘ಕೊರೆ’ಯನ್ನು ‘ಕಾರ್ವಿಂಗ್’ಗೆ ಉಳಿಸಿಕೊಳ್ಳಬೇಕು. ಜಾರಿ ತಿರುಗುವುದು ಬೇರೆ, ಕೊರೆದು ತಿರುಗುವುದು ಬೇರೆ. ‘ನಿಮ್ನ ಅಂಚು’ ನಿಮ್ನ ಮಸೂರ ಓದಿದ ಮಕ್ಕಳಿಗೆ ಗೊತ್ತಾಗುತ್ತದೆ, ‘ನಿಮ್ನತೆ ಹೆಚ್ಚಿದರೆ’ ಎಂದು ಬರೆದಾಗ ಮಾತ್ರ ವಾಕ್ಯ ಭಾರವಾಗುತ್ತದೆ.

ನನ್ನ ಒಲವು ‘ಒಳಬಾಗು’ ಕಡೆಗೆ, ಕ್ಯಾಂಬರಿಗೆ ‘ಮೇಲುಬಾಗು’. “ಒಳಬಾಗು ಹೆಚ್ಚಿದಷ್ಟೂ ತಿರುವಿನ ತ್ರಿಜ್ಯ ಕಡಿಮೆ.” “ಕೊಡಗಿನ ತೆಕ್ಕಡ ಭವಾನಿ ಸ್ಪರ್ಧಿಸುವ ಕ್ರಾಸ್‌ಕಂಟ್ರಿಯ ಸ್ಕೀಗೆ ಒಳಬಾಗು ಇಲ್ಲವೆನ್ನುವಷ್ಟು ಕಡಿಮೆ.” ಎರಡೂ ಓದಲು ತೊಡರುವುದಿಲ್ಲ ಅನಿಸುತ್ತದೆ.

ಮರಗೆಲಸದವರು ಹಲಗೆಯ ಪಕ್ಕವನ್ನು ಹೀಗೆ ಒಳಕ್ಕೆ ಇಳಿಸುವುದಕ್ಕೆ ತಮ್ಮದೇ ಮಾತು ಬಳಸುತ್ತಾರೆಯೇ? ಕರಾವಳಿಯ ದೋಣಿ ಕಟ್ಟುವವರಲ್ಲಿ? ಬಲ್ಲವರು ಊರಿನ ಹೆಸರಿನೊಂದಿಗೆ ತಿಳಿಸಿದರೆ ಉಪಕಾರವಾಗುತ್ತದೆ.