ಅಪ್‌ಡೇಟ್: ಕಸಿನ್ಸ್, ಜೂನಿಯರ್ಸ್‌ನ ವೋಟ್ ಹಾಕ್ಸೋದು ಹೇಗೆ ಅಂತ ಕೇಳಿದ್ನಲ್ಲ

2024ರ ಲೋಕಸಭಾ ಎಲೆಕ್ಷನ್ನಿಗೆ ನಮ್ ಕಡೆ ಏಪ್ರಿಲ್ 26 ಶುಕ್ರವಾರ ವೋಟಿಂಗು, ಲಾಂಗ್ ವೀಕೆಂಡ್ ಅಂತ ನಮ್ ಹುಡುಗ್ರೆಲ್ಲ ಟ್ರಿಪ್ ಪ್ಲಾನ್ ಮಾಡ್ತಿದಾರೆ, ಇನ್‌ಸ್ಟಾ ವಾಟ್ಸಾಪಲ್ಲಿ ಏನ್ ಹೇಳಿದ್ರೆ ಕೇಳ್ತಾರೆ ಅಂತ ಕೇಳಿದ್ದೆ. ಜಾಸ್ತಿ ಜನ ವೋಟ್ ಹಾಕಿದ್ರು, ತುಂಬಾ ಖುಷಿಯಾಯ್ತು!

ನಿಮ್ಮಲ್ಲಿ ಕೆಲವ್ರು ಗ್ರೂಪಿಗೆ ಪೋಸ್ಟರ್ ಫಾರ್ವರ್ಡ್ ಮಾಡಿ ಅಂದಿದ್ರಲ್ಲ, ಅದನ್ನ ಯಾರೂ ಓಪನ್ನೂ ಮಾಡ್ಲಿಲ್ಲ. ವರ್ಕ್ ಆಗಿದ್ದು "ಒಬ್ಬೊಬ್ರಿಗೇ ಮೆಸೇಜ್ ಮಾಡಿ, ಪಾರ್ಟಿ ಸುದ್ದಿ ಎತ್ಬೇಡಿ" ಅಂದವರ ಐಡಿಯಾ. "ನಿನ್ ಬೂತ್ ಯಾವ್ದು, ಎಷ್ಟೊತ್ತಿಗ್ ಹೋಗ್ತೀಯ?" ಅಷ್ಟೇ ಕೇಳ್ದೆ. ಚಿಕ್ಕಪ್ಪನ ಮಗಳು "ಅಣ್ಣಾ ನನ್ ವೋಟರ್ ಕಾರ್ಡೇ ಬಂದಿಲ್ವಲ್ಲ" ಅಂದ್ಳು, ಅಲ್ಲೇ ಗೊತ್ತಾಗಿದ್ದು ಇವ್ರಿಗೆ ಸೋಮಾರಿತನ ಅಲ್ಲ ಮಾಹಿತಿನೇ ಇಲ್ಲ ಅಂತ. ವೋಟರ್ ಲಿಸ್ಟಲ್ಲಿ ಹೆಸ್ರಿದ್ರೆ ಸಾಕು, ಆಧಾರ್, ಪ್ಯಾನ್, ಡಿಎಲ್, ಪಾಸ್‌ಪೋರ್ಟ್ ಯಾವ್ದಾದ್ರೂ ನಡಿಯುತ್ತೆ. ಚುನಾವಣಾ ಆಯೋಗದ ವೋಟರ್ ಹೆಲ್ಪ್‌ಲೈನ್ ಆಪಲ್ಲಿ ಅವ್ಳ ಹೆಸ್ರು ಹುಡುಕಿ ಸ್ಕ್ರೀನ್‌ಶಾಟ್ ಕಳ್ಸಿದೆ, ಬೆಳಿಗ್ಗೆನೇ ಹೋಗಿ ಹಾಕಿ ಬಂದು ಇಂಕ್ ಹಚ್ಚಿದ ಬೆರಳು ಸ್ಟೋರಿಗೆ ಹಾಕಿದ್ಳು, ಅದನ್ನ ನೋಡಿ ಅವ್ಳ ಫ್ರೆಂಡ್ಸೂ ಮಧ್ಯಾಹ್ನ ಹೋದ್ರು.

ಇನ್ನೊಂದು, ದಾವಣಗೆರೆ ಶಿವಮೊಗ್ಗ ಕಡೆಯವ್ರಿಗೆ ವೋಟಿಂಗ್ ಮೇ 7ಕ್ಕೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರ್ಲಿಲ್ಲ, ಅವ್ರಿಗೆಲ್ಲ ಈಗ್ಲೇ ಬಸ್ ಬುಕ್ ಮಾಡ್ಸಿದೀನಿ.

ಬೇಜಾರಾಗಿದ್ದು ಲಿಸ್ಟಲ್ಲಿ ಹೆಸ್ರೇ ಇಲ್ದೋರ್ ವಿಷ್ಯ, ಕೊನೆ ಟೈಮಲ್ಲಿ ಏನೂ ಮಾಡಕ್ಕಾಗಲ್ಲ. ಹೊಸದಾಗಿ ಹೆಸ್ರು ಸೇರ್ಸೋಕೆ ಫಾರ್ಮ್ 6, ಅಡ್ರೆಸ್ ಬದ್ಲಾಗಿದ್ರೆ ಫಾರ್ಮ್ 8, ಎಲೆಕ್ಷನ್ ಅನೌನ್ಸ್ ಆಗೋಕ್ ಮುಂಚೆನೇ ಹಾಕ್ಸ್‌ಬಿಡಿ.